ಪೈನ್ ಟಾರ್, ಬೆವರು, ಪುರಾವೆ: ಪಂದ್ಯದಲ್ಲಿ ಬಳಸಿದ ಬೇಸ್‌ಬಾಲ್ ಸಾಮಗ್ರಿ ಸಂಗ್ರಹಿಸುವ ಬಗೆ

ಟೆಸ್ಟ್ ಕ್ರಿಕೆಟ್ಟಿನಲ್ಲಿ ಒಂದೇ ಚೆಂಡನ್ನು 80 ಓವರ್ ತನಕ ತೇಯುತ್ತಾರೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಚೆಂಡು ಮಣ್ಣಿಗೆ ತಾಗಿ ಒಂದು ಗೀರು ಬಿದ್ದರೆ ಸಾಕು, ಅಂಪೈರ್ ಅದನ್ನು ಆಚೆ ಹಾಕಿ ಹೊಸದು ಕೊಡುತ್ತಾನೆ. ಹೀಗೆ ಪಂದ್ಯವೊಂದಕ್ಕೆ ಡಜನ್‌ಗಟ್ಟಲೆ ಚೆಂಡುಗಳು ಹೊರಬೀಳುತ್ತವೆ. ಬ್ಯಾಟುಗಳು ಮುರಿಯುತ್ತಲೇ ಇರುತ್ತವೆ. ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುವುದರಿಂದ ಜೆರ್ಸಿ, ಟೋಪಿ, ಬೂಟು ಎಲ್ಲವೂ ಬದಲಾಗುತ್ತವೆ. ಮೈದಾನ ಕಂಡ ವಸ್ತು ಸಾಮಾನ್ಯ ಸಂಬಳದವರ ಕೈಗೂ ಎಟುಕುವುದು ಇದರಿಂದಲೇ. ಸ್ಯಾನ್ ಫ್ರಾನ್ಸಿಸ್ಕೊ ಕಡೆಯೋ ನ್ಯೂಜೆರ್ಸಿ ಕಡೆಯೋ ನೆಲೆಸಿ, ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾಲ್‌ಪಾರ್ಕಿಗೆ (ಬೇಸ್‌ಬಾಲ್ ಮೈದಾನಕ್ಕೆ) ಹೋಗುವ ಕನ್ನಡಿಗರಿಗೂ ಈ ಹವ್ಯಾಸ ದೂರದ್ದೇನಲ್ಲ.

ಸಿಗುವುದು ಎಷ್ಟು ಸುಲಭವೋ ಮೋಸವೂ ಅಷ್ಟೇ ಸುಲಭ. ಅಂಗಡಿಯ ಬ್ಯಾಟಿಗೆ ಪೈನ್ ಟಾರ್ (ಹಿಡಿ ಜಾರದಿರಲೆಂದು ಹಚ್ಚುವ ಕಪ್ಪು ಅಂಟು) ಬಳಿದು ಹತ್ತು ಚೆಂಡು ಬಡಿದರೆ ಅದು ದಿಗ್ಗಜನ ಬ್ಯಾಟಿನಂತೆಯೇ ಕಾಣುತ್ತದೆ. ನೀವು ಕೊಡುವ ಹಣದ ದೊಡ್ಡ ಪಾಲು ಹೋಗುವುದು ಪುರಾವೆಗೆ. ಹಾಗಾಗಿ ಕೊಳ್ಳುವ ಮುನ್ನ ಕಲಿಯಬೇಕಾದದ್ದು ಪುರಾವೆಯನ್ನು ತೂಗುವುದನ್ನು.

ಮೊದಲ ಹೆಜ್ಜೆ: ಮಾರುವವರ ಪದಗಳನ್ನು ಬಿಡಿಸಿ ಓದುವುದು

'ಗೇಮ್ ಯೂಸ್ಡ್' ಎಂದರೆ ಅಧಿಕೃತ ಪಂದ್ಯದಲ್ಲಿ ಆಟಗಾರ ಬಳಸಿದ್ದು. 'ಟೀಮ್ ಇಶ್ಯೂಡ್' ಎಂದರೆ ತಂಡ ಆಟಗಾರನಿಗಾಗಿ ಮಾಡಿಸಿದ್ದು. ಅವನು ಅದನ್ನು ತೊಟ್ಟ ಎಂಬ ಭರವಸೆ ಇಲ್ಲ. 'ಪ್ರೊ ಮಾಡೆಲ್' ಎಂದರೆ ಅವನ ಅಳತೆಗೆ, ಅವನ ಹೆಸರಿಗೆ ತಯಾರಾದದ್ದು, ಅಷ್ಟೇ. 'ಅಥೆಂಟಿಕ್' ಎಂಬ ಪದವಂತೂ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಜೆರ್ಸಿಯ ಮೇಲೂ ಇರುತ್ತದೆ. ಬಟ್ಟೆ, ಹೊಲಿಗೆ, ಅಂಕಿ ಎಲ್ಲ ಮೈದಾನದ ಜೆರ್ಸಿಯಂತೆಯೇ ಇದ್ದರೂ ಅದು ಅಂಗಡಿ ಮಾಲು. ಒಂದೇ ಆಟಗಾರನ ಗೇಮ್ ಯೂಸ್ಡ್ ಮತ್ತು ಟೀಮ್ ಇಶ್ಯೂಡ್ ಜೆರ್ಸಿಗಳ ಬೆಲೆಯಲ್ಲಿ ಹಲವು ಪಟ್ಟು ಅಂತರವಿರುತ್ತದೆ. ವಿವರಣೆಯಲ್ಲಿ ಯಾವ ಪದ ಇದೆ ಎಂಬುದನ್ನು ಬೆರಳಿಟ್ಟು ಓದಿ.

ಸಹಿಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಸಹಿ ಇದ್ದ ಮಾತ್ರಕ್ಕೆ ಬಳಸಿದ್ದು ಎಂದಾಗುವುದಿಲ್ಲ. ಮುಂದೆ ಏನು ಚಾಚಿದರೂ ಆಟಗಾರರು ಸಹಿ ಹಾಕುತ್ತಾರೆ. ಸಹಿಯ ಪ್ರಮಾಣಪತ್ರ ಬೇರೆ, ಬಳಕೆಯ ಪ್ರಮಾಣಪತ್ರ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದರ ಬೆಲೆ ಕೇಳುವವರಿದ್ದಾರೆ.

ಎರಡನೇ ಹೆಜ್ಜೆ: ಹೊಲೊಗ್ರಾಂ ಅರ್ಥಮಾಡಿಕೊಳ್ಳುವುದು

1990ರ ದಶಕದ ಕೊನೆಯಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಹೆಸರಿನಲ್ಲಿ ನಕಲಿ ಸಹಿಗಳ ಜಾಲದ ತನಿಖೆ ನಡೆಸಿತು. ಸ್ಯಾನ್ ಡಿಯಾಗೊ ತಂಡದ ಟೋನಿ ಗ್ವಿನ್ ತನ್ನದೇ ತಂಡದ ಅಂಗಡಿಯಲ್ಲಿ ತನ್ನ ನಕಲಿ ಸಹಿಯ ಚೆಂಡುಗಳು ಮಾರಾಟಕ್ಕಿರುವುದನ್ನು ಗುರುತಿಸಿದ್ದ. ಈ ಬೆಳವಣಿಗೆಗಳ ನಂತರ, 2001ರಲ್ಲಿ, ಮೇಜರ್ ಲೀಗ್ ತನ್ನದೇ ದೃಢೀಕರಣ ವ್ಯವಸ್ಥೆ ಆರಂಭಿಸಿತು. ಪ್ರತಿ ಪಂದ್ಯದಲ್ಲೂ ದೃಢೀಕರಣಕಾರರು ಡಗೌಟ್ (ಆಟಗಾರರು ಕೂರುವ ತಗ್ಗಿನ ಜಾಗ) ಬಳಿ ಕೂತಿರುತ್ತಾರೆ. ಹೆಚ್ಚಿನವರು ಹಾಲಿ ಅಥವಾ ನಿವೃತ್ತ ಪೊಲೀಸರು. ಚೆಂಡು ಆಟದಿಂದ ಹೊರಬಂದ ಕೂಡಲೇ ಅವರ ಕೈ ಸೇರುತ್ತದೆ, ಹೊಲೊಗ್ರಾಂ (ಸಂಖ್ಯೆ ಇರುವ ಹೊಳೆಯುವ ಭದ್ರತಾ ಚೀಟಿ) ಅಂಟುತ್ತದೆ, ವಿವರ ದಾಖಲಾಗುತ್ತದೆ. ಕಿತ್ತು ಬೇರೆ ವಸ್ತುವಿಗೆ ಅಂಟಿಸಲು ಹೋದರೆ ಹೊಲೊಗ್ರಾಂ ಹಾಳಾಗುವಂತೆ ಮಾಡಿರುತ್ತಾರೆ.

ಅವರ ನಿಯಮ ಬಿಗಿ: ಕಣ್ಣಾರೆ ಕಂಡದ್ದಕ್ಕೆ ಮಾತ್ರ ಮುದ್ರೆ. ಪ್ರೇಕ್ಷಕರ ನಡುವೆ ಬಿದ್ದ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಚೆಂಡು ಅವರ ಕಣ್ಣಿಂದ ಮರೆಯಾಗುತ್ತದೆ. ಹಿಡಿದವರು ಐದು ನಿಮಿಷದಲ್ಲಿ ತಂದುಕೊಟ್ಟರೂ ಸಾಮಾನ್ಯವಾಗಿ ಹೊಲೊಗ್ರಾಂ ಸಿಗುವುದಿಲ್ಲ. ದಾಖಲೆಯ ಹೊಸ್ತಿಲಲ್ಲಿರುವ ಆಟಗಾರನಿಗೆ ಗುಟ್ಟಾಗಿ ಗುರುತು ಹಾಕಿದ ಚೆಂಡುಗಳನ್ನೇ ಎಸೆಯುವುದು ಇದೇ ಕಾರಣಕ್ಕೆ. 1998ರಲ್ಲಿ ಮಾರ್ಕ್ ಮೆಕ್‌ಗ್ವೈರ್ ಒಂದು ಋತುವಿನ ಹೋಮ್ ರನ್ ದಾಖಲೆಯ ಬೆನ್ನು ಹತ್ತಿದಾಗ ಅವನಿಗೆ ಎಸೆದ ಚೆಂಡುಗಳಲ್ಲಿ ಬರಿಗಣ್ಣಿಗೆ ಕಾಣದ ಗುರುತು ಇತ್ತು. ಆ ಋತುವಿನ ಅವನ 70ನೇ ಹೋಮ್ ರನ್ ಚೆಂಡು ಮರುವರ್ಷ ಹರಾಜಿನಲ್ಲಿ 30 ಲಕ್ಷ ಡಾಲರ್ ದಾಟಿತು. 'ನಮ್ಮಜ್ಜ ಸ್ಟ್ಯಾಂಡಿನಲ್ಲಿ ಹಿಡಿದ ಚೆಂಡು' ಎಂಬ ಕಥೆ ನಿಜವೇ ಇರಬಹುದು, ಆದರೆ ಕಥೆಗೆ ಪುರಾವೆಯ ಬೆಲೆ ಕೊಡಬೇಡಿ.

ಹೊಲೊಗ್ರಾಂ ಇರುವ ವಸ್ತುವನ್ನು ನೋಡುವ ಕ್ರಮ ಹೀಗೆ. ಅದರ ಮೇಲಿನ ಅಕ್ಷರ ಮತ್ತು ಅಂಕಿಗಳನ್ನು ಮಾರಾಟಗಾರನ ಫೋಟೊದಿಂದ ನೀವೇ ಓದಿ, ಎಂಎಲ್‌ಬಿ (ಮೇಜರ್ ಲೀಗ್ ಬೇಸ್‌ಬಾಲ್) ಜಾಲತಾಣದ ದೃಢೀಕರಣ ಪುಟದಲ್ಲಿ ನೀವೇ ಟೈಪ್ ಮಾಡಿ. ಮಾರಾಟಗಾರ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ. ಆಮೇಲೆ ದಾಖಲೆಯ ಪ್ರತಿ ಪದ ಓದಿ. 'ಟೀಮ್ ಇಶ್ಯೂಡ್ ಜೆರ್ಸಿ' ಎಂದಿದ್ದರೆ ಅದು ಟೀಮ್ ಇಶ್ಯೂಡ್, ಮುಗಿಯಿತು. ಎಷ್ಟೋ ಹೊಲೊಗ್ರಾಂಗಳು ಸಹಿಯನ್ನು ಮಾತ್ರ ದೃಢೀಕರಿಸುತ್ತವೆ. ಹೊಲೊಗ್ರಾಂ ಅಸಲಿ, ವಸ್ತುವೂ ಅಸಲಿ, ಮಾರಾಟದ ಮಾತು ಮಾತ್ರ ಸುಳ್ಳು: ಹೊಸಬರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ.

ಮೂರನೇ ಹೆಜ್ಜೆ: ಚೆಂಡಿನಿಂದ ಶುರು ಮಾಡಿ

ಹೊಲೊಗ್ರಾಂ ಇರುವ ಸಾಧಾರಣ ಪಂದ್ಯದ ಚೆಂಡು ಬಾಲ್‌ಪಾರ್ಕಿನ ಗೇಮ್ ಯೂಸ್ಡ್ ಅಂಗಡಿಯಲ್ಲಿ ಕೆಲವು ಹತ್ತು ಡಾಲರ್‌ಗಳಿಗೆ ಸಿಗುತ್ತದೆ. ಇತ್ತೀಚಿನ ವರ್ಷಗಳ ಚೆಂಡಾದರೆ ದಾಖಲೆಯಲ್ಲಿ ಪಿಚರ್ (ಚೆಂಡು ಎಸೆಯುವವನು) ಯಾರು, ಬ್ಯಾಟರ್ ಯಾರು, ಯಾವ ಇನ್ನಿಂಗ್ಸ್, ಎಸೆತ ಏನಾಯಿತು ಎಂಬುದೆಲ್ಲ ಇರುತ್ತದೆ. ಒಂದು ಸಣ್ಣ ಸೂತ್ರ ನೆನಪಿಡಿ: ಪ್ರಸಿದ್ಧ ಬ್ಯಾಟರ್ ಹೊಡೆದ ಚೆಂಡು ದುಬಾರಿ, ಅವನಿಗೆ ಎಸೆದು 'ಬಾಲ್' (ಹೊಡೆಯುವ ವಲಯದ ಹೊರಗೆ ಹೋದ ಎಸೆತ) ಎನಿಸಿಕೊಂಡು ಮಣ್ಣಿಗೆ ಬಿದ್ದ ಚೆಂಡು ಅಗ್ಗ. ಅದೇ ಆಟಗಾರ, ಅದೇ ಪಂದ್ಯ, ಅದೇ ದೃಢೀಕರಣ. ಕೈ ಪಳಗಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ಕೈಗೆ ಬಂದ ಚೆಂಡನ್ನು ಬೆಳಕಿಗೆ ಹಿಡಿಯಿರಿ. ಪಂದ್ಯಕ್ಕಿಳಿಯುವ ಪ್ರತಿ ಚೆಂಡಿಗೂ ಡೆಲವೇರ್ ನದಿಯ ಕಡೆಯಿಂದ ತಂದ ವಿಶೇಷ ಕೆಸರನ್ನು ಉಜ್ಜಿ ಹೊಳಪು ತೆಗೆದಿರುತ್ತಾರೆ. ಆ ಕೆಸರು ಚರ್ಮಕ್ಕೆ ನಸು ಕಂದು ಛಾಯೆ ಕೊಟ್ಟು, 108 ಜೋಡಿ ಹೊಲಿಗೆಗಳ ಸಂದಿಯಲ್ಲಿ ಕೂತಿರುತ್ತದೆ. ಹಾಲಿನಂತೆ ಬೆಳ್ಳಗಿರುವ ಚೆಂಡು ಪಂದ್ಯ ಕಂಡಿರುವುದು ಅನುಮಾನ.

ಹಳೆಯ ಚೆಂಡಾದರೆ ಅದರ ಮೇಲಿನ ಅಚ್ಚೇ ಕಾಲವನ್ನು ಹೇಳುತ್ತದೆ. 1974ಕ್ಕೆ ಮೊದಲು ಹೊದಿಕೆ ಕುದುರೆ ಚರ್ಮ, ಆಮೇಲೆ ಹಸುವಿನದು. 1977ರಿಂದ ತಯಾರಕರು ರಾಲಿಂಗ್ಸ್. 1999ರ ತನಕ ಮೇಜರ್ ಲೀಗಿನ ಎರಡು ಭಾಗಗಳಾದ ನ್ಯಾಷನಲ್ ಮತ್ತು ಅಮೆರಿಕನ್ ಲೀಗುಗಳಿಗೆ ಬೇರೆ ಬೇರೆ ಚೆಂಡು, ಆಯಾ ಲೀಗಿನ ಅಧ್ಯಕ್ಷರ ಸಹಿಯ ಅಚ್ಚು. 2000ದಿಂದ ಎರಡಕ್ಕೂ ಒಂದೇ ಚೆಂಡು, ಕಮಿಷನರ್ ಸಹಿ. ನೋಲನ್ ರಯನ್ ತನ್ನ ಏಳನೇ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಸಿಗದ ಪಂದ್ಯ) ಎಸೆದದ್ದು 1991ರ ಮೇ 1ರಂದು, ಅಮೆರಿಕನ್ ಲೀಗಿನಲ್ಲಿ. ಆಗ ಆ ಲೀಗಿನ ಅಧ್ಯಕ್ಷ ಬಾಬಿ ಬ್ರೌನ್. ಆ ಪಂದ್ಯದ್ದೆಂದು ಹೇಳುವ ಚೆಂಡಿನ ಮೇಲೆ 1994ರಲ್ಲಿ ಅಧ್ಯಕ್ಷನಾದ ಜೀನ್ ಬುಡಿಗ್ ಹೆಸರಿದ್ದರೆ ಮುಂದಿನ ಮಾತೇ ಬೇಡ.

ನಾಲ್ಕನೇ ಹೆಜ್ಜೆ: ಬ್ಯಾಟನ್ನು ಓದುವುದು

ಈ ಹವ್ಯಾಸದಲ್ಲಿ ಬ್ಯಾಟಿನಷ್ಟು ಮಾತಾಡುವ ವಸ್ತು ಇನ್ನೊಂದಿಲ್ಲ. ತಾಳ್ಮೆ ಇರುವವರು ಹೆಚ್ಚು ಸಮಯ ಇಲ್ಲಿಗೇ ಮೀಸಲಿಡಬೇಕು.

ಮೊದಲು ಅಳತೆ. ಬಟ್ಟೆಯ ಟೇಪು ಬೇಡ, ಉಕ್ಕಿನ ಟೇಪು ಮತ್ತು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಲೂಯಿವಿಲ್ ಸ್ಲಗರ್ ತಯಾರಿಸುವ ಹಿಲರಿಚ್ ಆಂಡ್ ಬ್ರಾಡ್ಸ್‌ಬಿ ಕಾರ್ಖಾನೆ ಯಾವ ಆಟಗಾರನಿಗೆ ಯಾವಾಗ, ಯಾವ ಮಾದರಿಯ, ಎಷ್ಟು ಇಂಚಿನ, ಎಷ್ಟು ಔನ್ಸಿನ ಬ್ಯಾಟು ಕಳಿಸಿತು ಎಂಬ ದಾಖಲೆ ಇಟ್ಟಿದೆ. ಪರೀಕ್ಷಕರು ಮೊದಲು ಹೋಲಿಸುವುದು ಅದರೊಂದಿಗೆ. ಉದ್ದ ಬದಲಾಗುವುದಿಲ್ಲ, ದಾಖಲೆಯಲ್ಲಿ 34 ಇಂಚು ಇದ್ದು ಕೈಯಲ್ಲಿರುವುದು 35 ಇದ್ದರೆ ಬಿಟ್ಟುಬಿಡಿ. ತೂಕ ಮಾತ್ರ ಇಳಿಯಬಹುದು. ದಶಕಗಳಲ್ಲಿ ಮರದ ತೇವ ಆರಿ ಒಂದು ಔನ್ಸ್ ಕಡಿಮೆಯಾದರೆ ಅದು ಸಹಜ. ಬಿರುಕು ಬಿಟ್ಟು ಸಿಬಿರು ಹಾರಿದ್ದರೆ ಇನ್ನೂ ಸ್ವಲ್ಪ ಕಡಿಮೆ.

ಆಮೇಲೆ ಮಾದರಿ ಸಂಖ್ಯೆ. ಲೂಯಿವಿಲ್ ಸ್ಲಗರ್‌ನಲ್ಲಿ ಅಕ್ಷರ ಸೂಚಿಸುವುದು ಆ ಆಕಾರವನ್ನು ಮೊದಲು ಮಾಡಿಸಿಕೊಂಡ ಆಟಗಾರನ ಮನೆಹೆಸರನ್ನು, ಬಳಸುತ್ತಿರುವವನದನ್ನಲ್ಲ. ಡೆರೆಕ್ ಜೀಟರ್ ವೃತ್ತಿಜೀವನದುದ್ದಕ್ಕೂ ಹಿಡಿದ ಪಿ72 ಮಾದರಿ 1954ರಲ್ಲಿ ಲೆಸ್ ಪಿಂಕ್‌ಹ್ಯಾಮ್ ಎಂಬ ಮೈನರ್ ಲೀಗ್ (ಕೆಳಹಂತದ ಲೀಗ್) ಆಟಗಾರನಿಗಾಗಿ ಹುಟ್ಟಿದ್ದು. ಜೀಟರ್ ಬ್ಯಾಟಿನ ಮೇಲೆ 'ಪಿ' ಕಂಡು ಗಾಬರಿಯಾಗಬೇಕಿಲ್ಲ. ಬೇರೇನೋ ಕಂಡರೆ ಪ್ರಶ್ನೆ ಕೇಳಬೇಕು.

ಹಿಡಿಯ ತುದಿಯ ಗುಬಟು, ಅಂದರೆ ನಾಬ್, ನೋಡಿ. ಹಳೆಯ ಬ್ಯಾಟುಗಳಲ್ಲಿ ಅದರ ಮೇಲೆ 33, 34 ಎಂದು ಉದ್ದದ ಅಂಕಿಯನ್ನು ಅಚ್ಚೊತ್ತಿದ್ದರೆ ಅದು ಅಂಗಡಿಗೆ ಹೋದ ಬ್ಯಾಟು. ಮಾರ್ಕರ್ ಪೆನ್ನಿನಲ್ಲಿ ಬರೆದ ಅಂಕಿ ಬೇರೆ. ಅದು ಆಟಗಾರನ ಜೆರ್ಸಿ ಸಂಖ್ಯೆ, ಬ್ಯಾಟು ಇಡುವ ಗೂಡಿನಲ್ಲಿ ತನ್ನದನ್ನು ಬೇಗ ಗುರುತಿಸಲು ಬರೆದದ್ದು. ಬ್ಯಾಟಿನ ನಡುವಿನ ತಯಾರಕರ ಮುದ್ರೆಯೂ ಕಾಲ ಹೇಳುತ್ತದೆ: 1979ರ ತನಕ ಅಲ್ಲಿ ಹಿಲರಿಚ್ ಆಂಡ್ ಬ್ರಾಡ್ಸ್‌ಬಿ ಎಂದಿತ್ತು, 1980ರಿಂದ ಲೂಯಿವಿಲ್ ಸ್ಲಗರ್.

ಮರದ ಜಾತಿಯನ್ನೂ ಕೇಳಬೇಕು. ದಶಕಗಳ ಕಾಲ ಆಶ್ ಮರದ್ದೇ ರಾಜ್ಯಭಾರ. ಮೇಪಲ್ ಬ್ಯಾಟು ಹಬ್ಬಿದ್ದು 1990ರ ದಶಕದ ಕೊನೆಯಲ್ಲಿ. 2001ರಲ್ಲಿ ಬ್ಯಾರಿ ಬಾಂಡ್ಸ್ ಮೇಪಲ್ ಹಿಡಿದು 73 ಹೋಮ್ ರನ್ ಹೊಡೆದ ಮೇಲೆ ಎಲ್ಲರೂ ಅದರ ಹಿಂದೆ ಬಿದ್ದರು. 1985ರ ಪಂದ್ಯದ ಮೇಪಲ್ ಬ್ಯಾಟು ಎಂದು ಯಾರಾದರೂ ತಂದರೆ ಅನುಮಾನಿಸಲು ಅಷ್ಟೇ ಸಾಕು. ಮೇಪಲ್ ಬ್ಯಾಟುಗಳು ಚೂರುಚೂರಾಗಿ ಹಾರುತ್ತಿದ್ದುದರಿಂದ, ಎಳೆ ನೇರವಿದೆಯೇ ಎಂದು ನೋಡಲು ಹಿಡಿಯ ಮೇಲೆ ಶಾಯಿಯ ಚುಕ್ಕೆ ಇಡುವ ನಿಯಮ 2009ರಲ್ಲಿ ಬಂತು. ಹನಿ ಎಳೆಯ ಉದ್ದಕ್ಕೂ ಹರಡಿ ದಿಕ್ಕು ತೋರಿಸುತ್ತದೆ. 2005ರ ಬ್ಯಾಟಿನ ಮೇಲೆ ಆ ಚುಕ್ಕೆ ಇರಲು ಕಾರಣವಿಲ್ಲ.

ಈಗ ಬಳಕೆಯ ಗುರುತು. ನಾಬ್ ನಿಮ್ಮ ಕಡೆಗಿರಲಿ, ಬ್ಯಾರಲ್ (ಚೆಂಡು ಹೊಡೆಯುವ ದಪ್ಪ ಭಾಗ) ಆಚೆಗೆ, ಮುದ್ರೆ ಆಕಾಶಕ್ಕೆ. ಬ್ಯಾಟರ್‌ಗಳು ಸಾಮಾನ್ಯವಾಗಿ ಮುದ್ರೆಯನ್ನು ಮೇಲಿಟ್ಟೇ ಹೊಡೆಯುವುದರಿಂದ ಬಲಗೈ ಬ್ಯಾಟರ್‌ನ ಚೆಂಡಿನ ಕಲೆಗಳು ಎಡಬದಿಯಲ್ಲಿ ಗುಂಪಾಗಿರುತ್ತವೆ, ಎಡಗೈಯವನದು ಬಲಬದಿಯಲ್ಲಿ. ಮಿಕ್ಕಿ ಮ್ಯಾಂಟಲ್‌ನಂತೆ ಎರಡೂ ಕೈಯಲ್ಲಿ ಆಡುವವನಾದರೆ ಎರಡೂ ಬದಿ. ಎಡಗೈ ಆಟಗಾರನ ಬ್ಯಾಟಿನ ಎಡಬದಿಯಲ್ಲಷ್ಟೇ ಕಲೆಗಳಿದ್ದರೆ ಬಡಿದವರು ಬೇರೆ ಯಾರೋ. ಭೂತಗನ್ನಡಿ ಹಿಡಿದರೆ ಕೆಂಪು ಹೊಲಿಗೆಯ ಅಚ್ಚು ಮರದಲ್ಲಿ ಸಣ್ಣ ಗೆರೆಗಳಾಗಿ ಒತ್ತಿಕೊಂಡಿರುವುದು, ಚೆಂಡಿನ ಮೇಲಿನ ನೀಲಿ ಅಕ್ಷರದ ತುಣುಕು ತಿರುಗುಮುರುಗಾಗಿ ಮೂಡಿರುವುದು ಕಾಣುತ್ತದೆ. ಬ್ಯಾಟು ಇಡುವ ಗೂಡಿಗೆ ಉಜ್ಜಿ ಹತ್ತಿದ ಬಣ್ಣದ ಗೀಚು, ಬೂಟಿನ ಮಣ್ಣು ಕೊಡವಿದ ಮೊಳೆಯ ಗುರುತು, ಇವೂ ಒಳ್ಳೆಯ ಲಕ್ಷಣ. ನಕಲಿ ಬ್ಯಾಟಿನಲ್ಲಿ ಕಲೆಗಳು ಸಮನಾಗಿ ಸುತ್ತಲೂ ಹರಡಿರುತ್ತವೆ, ಹೊಡೆಯುವವನಿಗೆ ನೆಚ್ಚಿನ ಜಾಗವೇ ಇಲ್ಲವೇನೋ ಎಂಬಂತೆ.

ಪೈನ್ ಟಾರ್ ಎಂಬ ಕಪ್ಪಂಟು ಆಟಗಾರನ ಕೈಬರಹದ ಹಾಗೆ. ಯಾರು ಎಲ್ಲಿಂದ ಎಲ್ಲಿಗೆ ಬಳಿಯುತ್ತಾರೆ, ಟೇಪನ್ನು ಹೇಗೆ ಸುತ್ತುತ್ತಾರೆ ಎಂಬುದು ವರ್ಷಗಟ್ಟಲೆ ಬದಲಾಗುವುದಿಲ್ಲ. ವ್ಲಾದಿಮಿರ್ ಗೆರೆರೊ ಸೀನಿಯರ್ ಕೈಗವಸು ತೊಡದೆ, ದಪ್ಪಗೆ ಅಂಟು ಮೆತ್ತಿಕೊಂಡು ಆಡುತ್ತಿದ್ದ. ಅವನ ಬ್ಯಾಟಿನ ಹಿಡಿ ಸ್ವಚ್ಛವಾಗಿದ್ದರೆ ಅದು ಡಬ್ಬಿಯಿಂದ ಹೊರಬಂದದ್ದಷ್ಟೇ. ನಿಯಮದ ಪ್ರಕಾರ ಅಂಟು ನಾಬ್‌ನಿಂದ 18 ಇಂಚು ದಾಟಬಾರದು. 1983ರ ಜುಲೈ 24ರಂದು ಯಾಂಕೀ ಸ್ಟೇಡಿಯಮ್ಮಿನಲ್ಲಿ ಜಾರ್ಜ್ ಬ್ರೆಟ್‌ನ ಹೋಮ್ ರನ್ ರದ್ದಾಗಿ, ಆಮೇಲೆ ಲೀಗ್ ಅದನ್ನು ಮರಳಿ ಕೊಟ್ಟದ್ದು ಈ ಅಳತೆಯ ಜಗಳದಲ್ಲೇ. ಆ ಬ್ಯಾಟು ಈಗ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ವಸ್ತುಸಂಗ್ರಹಾಲಯವಾದ ಹಾಲ್ ಆಫ್ ಫೇಮ್‌ನಲ್ಲಿದೆ, ಅಂಟಿನ ಸಮೇತ. ಅದಕ್ಕೇ ಹೇಳುವುದು: ಬ್ಯಾಟನ್ನು ಯಾವ ಕಾರಣಕ್ಕೂ ಒರೆಸಬೇಡಿ. ಥಿನ್ನರಿನಲ್ಲಿ ಅಂಟು ತೆಗೆದು 'ಚೊಕ್ಕಟ' ಮಾಡಿದವರು ಪುರಾವೆಯನ್ನೇ ತೊಳೆದು ಚರಂಡಿಗೆ ಬಿಟ್ಟಂತೆ.

ಪಿಎಸ್‌ಎ ಸಂಸ್ಥೆ ಬ್ಯಾಟುಗಳಿಗೆ 'ಜಿಯು' 1ರಿಂದ 10ರ ತನಕ, ಮಿಯರ್ಸ್ ಸಂಸ್ಥೆ 'ಎ' 1ರಿಂದ 10ರ ತನಕ ಶ್ರೇಣಿ ಕೊಡುತ್ತವೆ. ದಾಖಲೆ, ಬಳಕೆ, ಆಟಗಾರನ ಲಕ್ಷಣ ಎಲ್ಲ ಸೇರಿದ ಅಭಿಪ್ರಾಯ ಅದು. 10 ಬಂದ ಬ್ಯಾಟು ಕೂಡ 'ಇಂಥ ದಿನದ ಪಂದ್ಯದ್ದು' ಎಂದು ಹೇಳುವುದಿಲ್ಲ. ಆ ಮಾತಿಗೆ ಫೋಟೊ ಬೇಕು.

ಐದನೇ ಹೆಜ್ಜೆ: ಜೆರ್ಸಿ, ಫೋಟೊ ಹೊಂದಾಣಿಕೆ

ಜೆರ್ಸಿಯ ಕಾಲ ತಿಳಿಯಲು ಬಟ್ಟೆ ಮತ್ತು ಲೇಬಲ್ ನೋಡಿ. 1970ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಡಬಲ್‌ನಿಟ್ ಎಂಬ ಹೆಣೆದ ಬಟ್ಟೆ ತೊಟ್ಟ ಮೇಲೆ ಉಣ್ಣೆಯ ಫ್ಲಾನಲ್ ಕೆಲವೇ ವರ್ಷಗಳಲ್ಲಿ ಮರೆಯಾಯಿತು. 2005ರಿಂದ 2019ರ ತನಕ ಎಲ್ಲ ತಂಡಗಳ ಜೆರ್ಸಿ ಮೆಜೆಸ್ಟಿಕ್‌ನದು, 2020ರಿಂದ ನೈಕಿ ಗುರುತಿನದು. ಫ್ಲಾನಲ್ ಜೆರ್ಸಿ ಕೊಳ್ಳುವವರು ಕತ್ತಲೆ ಕೋಣೆಯಲ್ಲಿ ನೇರಳಾತೀತ ಟಾರ್ಚು ಹಾಯಿಸಿ ನೋಡಲೇಬೇಕು. ಇತ್ತೀಚಿನ ದಾರಗಳಲ್ಲಿರುವ ಬೆಳ್ಳಗಾಗಿಸುವ ರಾಸಾಯನಿಕ ಆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. 1930ರ ದಶಕದ ಬಟ್ಟೆಯಲ್ಲಿ ಅಂಕಿಯ ಅಂಚಿನ ಹೊಲಿಗೆ ಮಾತ್ರ ಹೊಳೆದರೆ, ಅಂಕಿಯನ್ನು ಆಮೇಲೆ ಯಾರೋ ಮತ್ತೆ ಕೂರಿಸಿದ್ದಾರೆ. ಹಿಂದೆ ತಂಡಗಳು ಹಳೆಯ ಜೆರ್ಸಿಗಳನ್ನು ಮೈನರ್ ಲೀಗಿಗೆ ಕಳಿಸುತ್ತಿದ್ದುದರಿಂದ ಹೀಗೆ ಅಂಕಿ ಬದಲಾದವು ಎಷ್ಟೋ ಇವೆ. ಅದು ದೋಷವೇ ಹೊರತು ಯಾವಾಗಲೂ ಮೋಸವಲ್ಲ. ಬೆಲೆಯಲ್ಲಿ ಮಾತ್ರ ಕಾಣಬೇಕು.

ಫೋಟೊ ಹೊಂದಾಣಿಕೆ, ಅಂದರೆ ವಸ್ತುವನ್ನು ಪಂದ್ಯದ ಚಿತ್ರದೊಂದಿಗೆ ತಾಳೆ ನೋಡುವ ಕೆಲಸ, ಮಾಡುವವರು ಹುಡುಕುವುದು ಆ ಒಂದೇ ಬಟ್ಟೆಗೆ ವಿಶಿಷ್ಟವಾದ ಗುರುತನ್ನು. ಪಟ್ಟೆ ಇರುವ ಜೆರ್ಸಿ ಇದಕ್ಕೆ ವರದಾನ: ಯಾವ ಪಟ್ಟೆ ಯಾವ ಗುಂಡಿಯ ಪಕ್ಕ ಹಾದು, ಅಂಕಿಯ ಯಾವ ಮೂಲೆಯನ್ನು ಕತ್ತರಿಸುತ್ತದೆ ಎಂಬುದು ಎರಡು ಜೆರ್ಸಿಗಳಲ್ಲಿ ಒಂದೇ ತೆರನಾಗಿರುವುದು ಬಹಳ ಅಪರೂಪ. ಪಟ್ಟೆ ಇಲ್ಲದಿದ್ದರೆ ಅಕ್ಷರಗಳ ಓರೆ, ಸಡಿಲ ದಾರ, ಹೊಲಿದ ತೂತು. ಮೊದಲು ಆ ಋತುವಿನ ಚಿತ್ರಗಳನ್ನು ದಿನಾಂಕವಾರು ಜೋಡಿಸಿ, ತವರಿನ ಮತ್ತು ಪರಊರಿನ ಜೆರ್ಸಿಯನ್ನು ಬೇರ್ಪಡಿಸಿ, ನಿಮ್ಮ ಜೆರ್ಸಿಯನ್ನು ಮನುಷ್ಯನಿಗೋ ಗೊಂಬೆಗೋ ತೊಡಿಸಿ ಅದೇ ಕೋನದಲ್ಲಿ ಚಿತ್ರ ತೆಗೆಯಿರಿ. ನೆಲಕ್ಕೆ ಹಾಸಿದ ಬಟ್ಟೆ ಮೈಮೇಲಿನ ಬಟ್ಟೆಗೆ ಹೊಂದುವುದಿಲ್ಲ. ಎರಡು ಮೂರು ಗುರುತುಗಳಾದರೂ ಕೂಡಬೇಕು, ಕೂಡದ ಒಂದಕ್ಕೆ ಸರಿಯಾದ ಕಾರಣವಿರಬೇಕು. ಮಣ್ಣಿನ ಕಲೆಯನ್ನು ಕಡೆಗೆ ಎಣಿಸಿ, ಒಗೆದರೆ ಹೋಗುವಂಥದ್ದು ಅದು. ದುಬಾರಿ ವಸ್ತುವಾದರೆ ಮೀಗ್ರೇ, ರೆಸಲ್ಯೂಷನ್ ಫೋಟೊಮ್ಯಾಚಿಂಗ್‌ನಂಥ ಸಂಸ್ಥೆಗಳ ಪತ್ರ ತೆಗೆದುಕೊಳ್ಳಿ. 1932ರ ವರ್ಲ್ಡ್ ಸಿರೀಸ್‌ನ (ಋತುವಿನ ಅಂತಿಮ ಸರಣಿಯ) ಮೂರನೇ ಪಂದ್ಯದಲ್ಲಿ ಬೇಬ್ ರೂತ್ ತೊಟ್ಟ ಜೆರ್ಸಿ ಹೀಗೆ ಚಿತ್ರಗಳಿಗೆ ಹೊಂದಿದ್ದೇ. 2005ರಲ್ಲಿ 9.4 ಲಕ್ಷ ಡಾಲರ್ ಕಂಡ ಅದು 2024ರ ಆಗಸ್ಟ್‌ನಲ್ಲಿ 2.41 ಕೋಟಿ ಡಾಲರ್ ಮುಟ್ಟಿತು.

ಉಳಿದವನ್ನು ಬೇಗ ನೋಡಿ ಮುಗಿಸಬಹುದು. ಟೋಪಿಗೆ ನೆತ್ತಿಪಟ್ಟಿಯ ಬೆವರು, ಒಳಗೆ ಪೆನ್ನಿನಲ್ಲಿ ಬರೆದ ಸಂಖ್ಯೆ ಮುಖ್ಯ. ನ್ಯೂ ಎರಾ ಟೋಪಿಗಳು 2007ರಲ್ಲಿ ಉಣ್ಣೆಯಿಂದ ಪಾಲಿಯೆಸ್ಟರ್‌ಗೆ ಬಂದವು. ಹೆಲ್ಮೆಟ್ಟಿಗೆ ಗೀರು ಮತ್ತು ಅಂಟು ಫೋಟೊದಲ್ಲಿ ಸೊಗಸಾಗಿ ಕೂಡುತ್ತವೆ, ಕ್ರೆಗ್ ಬಿಜಿಯೊನ ಅಂಟು ಮೆತ್ತಿದ ಹೆಲ್ಮೆಟ್ ಇದ್ದಂತೆ. ಫೀಲ್ಡಿಂಗ್ ಗ್ಲೌವ್ ಮಾತ್ರ ಹೊಸಬರು ಮುಟ್ಟಬಾರದು. ಒಂದೇ ಗ್ಲೌವನ್ನು ವರ್ಷಗಟ್ಟಲೆ ಬಳಸುವ ಆಟಗಾರ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹೆಸರು ಹೊಲಿಸಿದ ಗ್ಲೌವನ್ನು ಯಾರು ಬೇಕಾದರೂ ತರಿಸಿಕೊಳ್ಳಬಹುದು.

ಆರನೇ ಹೆಜ್ಜೆ: ಹರಾಜಿನ ಲೆಕ್ಕ

ಕೂಗಿದ ಬೆಲೆ ಕೊಡುವ ಬೆಲೆಯಲ್ಲ. ದೊಡ್ಡ ಹರಾಜು ಮನೆಗಳು ಕೊಳ್ಳುವವರಿಂದ ಶೇಕಡಾ 20ರ ಆಸುಪಾಸು ಪ್ರೀಮಿಯಂ ಸೇರಿಸುತ್ತವೆ. 1,000 ಡಾಲರ್‌ಗೆ ಗೆದ್ದರೆ 1,200, ಮೇಲೆ ಮಾರಾಟ ತೆರಿಗೆ, ಸಾಗಣೆ, ವಿಮೆ. ಭಾರತಕ್ಕೆ ತರಿಸುವುದಾದರೆ ಕಸ್ಟಮ್ಸ್ ಸುಂಕ. ಹಿಂದಿನಿಂದ ಲೆಕ್ಕ ಹಾಕಿ: ಕೈಬಿಡಲು ಸಿದ್ಧವಿರುವ ಒಟ್ಟು ಮೊತ್ತವನ್ನು 1.35ರಿಂದ ಭಾಗಿಸಿ, ಬಂದದ್ದೇ ನಿಮ್ಮ ಗರಿಷ್ಠ ಕೂಗು ಎಂದು ಕಾಗದದಲ್ಲಿ ಬರೆದಿಡಿ. ಕೂಗುವ ಮೊದಲು ನಾಲ್ಕು ಚಿತ್ರ ಕೇಳಿ: ನಾಬ್, ಮುದ್ರೆ, ಬ್ಯಾರಲ್‌ನ ಎರಡೂ ಬದಿ. ಕೊಡಲು ಹಿಂಜರಿದರೆ ಅಲ್ಲಿಗೆ ನಿಲ್ಲಿಸಿ.

ಏಳನೇ ಹೆಜ್ಜೆ: ಮನೆಗೆ ಬಂದ ಮೇಲೆ

ಇಚಿರೊ ಸುಜುಕಿ ತನ್ನ ಬ್ಯಾಟುಗಳನ್ನು ತೇವ ನಿಯಂತ್ರಿಸುವ ಪೆಟ್ಟಿಗೆಯಲ್ಲಿ ಇಟ್ಟು ಒಯ್ಯುತ್ತಿದ್ದ. ಆಟಗಾರನಿಗಿದ್ದ ಆ ಎಚ್ಚರ ಸಂಗ್ರಾಹಕನಿಗೂ ಬೇಕು. ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ನಡುವೆ ಸ್ಥಿರವಾಗಿರಲಿ. ಏರಿಳಿತವೇ ಮರವನ್ನು ಸೀಳುವುದು, ಬಿರುಕಿದ ಹಿಡಿಯನ್ನು ಇನ್ನಷ್ಟು ತೆರೆಯುವುದು. ಮಂಗಳೂರಿನಲ್ಲೋ ತೀರ್ಥಹಳ್ಳಿಯಲ್ಲೋ ಇರುವವರು ಜೂನ್ ಬರುವ ಮೊದಲೇ ಚೆಂಡು, ಗ್ಲೌವ್, ಬೂಟುಗಳನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಮತ್ತು ಸಣ್ಣ ತೇವಮಾಪಕ ಒಳಗಿಡಿ. ಚರ್ಮಕ್ಕೆ ಬೂಷ್ಟು ಹಿಡಿಯಲು ಒಂದು ವಾರದ ಜಡಿಮಳೆ ಸಾಕು. ಪೊಟ್ಟಣ ಚರ್ಮಕ್ಕೆ ತಾಗದಿರಲಿ, ತಾಗಿದ ಜಾಗ ಅತಿಯಾಗಿ ಒಣಗಿ ಬಿರಿಯುತ್ತದೆ.

ಜೆರ್ಸಿಯನ್ನು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ತಂತಿಯ ಹ್ಯಾಂಗರಿಗೆ ನೇತುಹಾಕಬೇಡಿ. ಆಮ್ಲರಹಿತ ಕಾಗದವನ್ನು ಮಡಿಕೆಗಳ ನಡುವೆ ಉಂಡೆ ಮಾಡಿಟ್ಟು ಅಗಲ ಪೆಟ್ಟಿಗೆಯಲ್ಲಿ ಮಲಗಿಸಿ, ಆರು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ. ಪಿವಿಸಿ ಚೀಲ ಬೇಡ. ಕಿಟಕಿಯ ಬಿಸಿಲು ಸಹಿಯನ್ನೂ ಬಣ್ಣವನ್ನೂ ಒಟ್ಟಿಗೆ ತಿನ್ನುತ್ತದೆ, ಆದ್ದರಿಂದ ಗಾಜಿನ ಪೆಟ್ಟಿಗೆಯನ್ನು ಒಳಗೋಡೆಗೆ ಇಡಿ.

ಕೊನೆಗೆ ಕಡತ. ಪ್ರತಿ ವಸ್ತುವಿಗೂ ಒಂದು: ರಸೀದಿ, ಪ್ರಮಾಣಪತ್ರದ ಮೂಲಪ್ರತಿ, ಹೊಲೊಗ್ರಾಂ ಸಂಖ್ಯೆ, ಆ ದಿನ ಕಂಡ ದಾಖಲೆ ಪುಟದ ಮುದ್ರಿತ ಪ್ರತಿ, ಆರು ಕಡೆಯಿಂದ ತೆಗೆದ ಚಿತ್ರ, ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಪಟ್ಟಿ. ಎರಡನೇ ಪ್ರತಿ ಬೇರೆ ಮನೆಯಲ್ಲಿರಲಿ. ಗುರುತಿನ ಚೀಟಿಯನ್ನು ಮಾತ್ರ ಬ್ಯಾಟಿಗೆ ಅಂಟಿಸಬೇಡಿ. ಬಿಳಿ ಹತ್ತಿ ದಾರದಲ್ಲಿ ನಾಬ್‌ನ ಕೊರಳಿಗೆ ಸಡಿಲವಾಗಿ ಕಟ್ಟಿ, ಪೈನ್ ಟಾರ್ ಇರುವ ಜಾಗಕ್ಕೆ ತಾಗದ ಹಾಗೆ.